ಮಳಖೇಡದಲ್ಲಿ ಎರಡು ಡೇರೆ

ಆ ಮನುಷ್ಯ ತಲೆಗೆ ಬಣ್ಣ ಹಚ್ಚಿಕೊಂಡು ಬಂದಿದ್ದಾನೆ ಎಂಬುದು ಗುರುದೇವಿಗೆ ಕೋಟೆಯ ಮೊದಲ ಬಾಗಿಲು ದಾಟುವಷ್ಟರಲ್ಲೇ ಖಚಿತವಾಯಿತು. ಬಿಸಿಲೇರಿತ್ತು. ಎಡಗಿವಿಯ ಹಿಂದಿನಿಂದ ಹೊರಟ ಒಂದು ಕರಿ ಗೆರೆ, ಬೆವರಿನ ಜೊತೆ ಸೇರಿ, ರೇವಣಪ್ಪನ ಬಿಳಿ ಅಂಗಿಯ ಕಾಲರಿನತ್ತ ನಿಧಾನವಾಗಿ ಇಳಿಯುತ್ತಿತ್ತು.

ಅವಳು ಅದನ್ನು ಮನಸ್ಸಿನಲ್ಲೇ ಬರೆದಿಟ್ಟುಕೊಂಡಳು.

ಹೇಳಿಕೊಳ್ಳಲಿಕ್ಕೆ ಇದು ರಜೆಯ ವಿಹಾರ. ರಸ್ತೆ ಕೆಲಸದ ಓವರ್‌ಸಿಯರ್ ಆಗಿದ್ದ ಸೋದರಮಾವ ಹಣಮಂತರಾಯ ಕಾಗಿಣಾ ಹೊಳೆಯ ದಂಡೆಯಲ್ಲಿ ಎರಡು ಡೇರೆ ಹಾಕಿಸಿ, ತಂಗಿ ಭಾಗಮ್ಮನನ್ನೂ ಅವಳ ಮಗಳು ಗುರುದೇವಿಯನ್ನೂ ಸೇಡಂನಿಂದ ಕರೆತಂದಿದ್ದ. ರಾಷ್ಟ್ರಕೂಟರ ರಾಜಧಾನಿಯ ಪಕ್ಕದಲ್ಲಿ ನಾಲ್ಕು ದಿನ ಹವೆ ಬದಲಾಯಿಸಿಕೊಳ್ಳುವುದು, ಕೋಟೆ ನೋಡುವುದು. ಅದೇ ನಾಲ್ಕು ದಿನಗಳಲ್ಲಿ ಚಿತ್ತಾಪುರದ ಗುಮಾಸ್ತ ರೇವಣಪ್ಪನಿಗೂ ಅವನ ಅಕ್ಕನಿಗೂ ಇತಿಹಾಸದ ಹುಚ್ಚು ಹಿಡಿದದ್ದು ಕೇವಲ ಆಕಸ್ಮಿಕ. ಹೆಣ್ಣು ನೋಡಲು ಮನೆಗೇ ಬಂದರೆ ಓಣಿಯೆಲ್ಲ ಕಟ್ಟೆಯ ಮೇಲೆ ಕೂಡುತ್ತದೆ. ಸಾವಿರ ವರ್ಷದ ಹಿಂದೆ ಸತ್ತ ರಾಜರು ಬಾಯಿ ಬಿಡುವುದಿಲ್ಲ.

ಹೊರಡುವ ಮುಂಚೆ ಮಾವ ಗುರುದೇವಿಯನ್ನು ಪಕ್ಕಕ್ಕೆ ಕರೆದು ಹೇಳಿದ್ದ. "ನೀ ಹೂಂ ಅಂದ್ರ ಆಯ್ತು. ಉಹೂಂ ಅಂದ್ರ ಅವತ್ತೇ ಡೇರೆ ಕೀಳಸ್ತೀನಿ. ಕಡೀ ಮಾತು ನಿಂದೇ."

ಅಂದಿನಿಂದ ಅವಳಿಗೆ ನಿದ್ದೆಯಿಲ್ಲ. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು, ಕೇಳಲು ಇನ್ನೊಬ್ಬರಿರಲಿಲ್ಲ. ಹೈದರಾಬಾದಿನ ಕಾಲೇಜು ಬಿ.ಎ. ಕೊಟ್ಟಿತ್ತು, ಗಂಡಸರನ್ನು ಅಳೆಯುವ ವಿದ್ಯೆ ಮಾತ್ರ ಪಠ್ಯದಲ್ಲಿರಲಿಲ್ಲ. ತಪ್ಪಿ ಹೂಂ ಅಂದರೆ ಒಂದು ಹೆಣ್ಣಿನ ಉಳಿದ ಆಯುಷ್ಯವೆಲ್ಲ ಚಿತ್ತಾಪುರದ ಯಾವುದೋ ಅಡುಗೆಮನೆಯ ಹೊಗೆಯಲ್ಲಿ ಕಳೆದುಹೋಗುತ್ತದೆ.

ಕೋಟೆ ತೋರಿಸಲು ಬಂದೇನವಾಜ್ ಎಂಬ ಮುದುಕ ಬಂದಿದ್ದ. ಅವನ ಮನೆ ಕೋಟೆಯೊಳಗೇ ಇತ್ತು, ಆದ್ದರಿಂದ ಕೋಟೆಯ ಮೇಲೆ ವಿಶೇಷ ಗೌರವವಿರಲಿಲ್ಲ. ಇದು ಬುರುಜು, ಇದು ಬಾವಿ, ಇದು ನಮ್ಮ ಎಮ್ಮೆ ಎಂದು ಒಂದೇ ದನಿಯಲ್ಲಿ ತೋರಿಸುತ್ತ ನಡೆದ. ಮಾವನಿಗೆ ಇಷ್ಟು ಸಾಲಲಿಲ್ಲ. ಬಿದ್ದ ಕಂಬ ಕಂಡಲ್ಲೆಲ್ಲ ರಾಜಸಭೆ ಕೂಡಿಸಿದ, ಹಾಳು ಗೋಡೆಯೊಂದಕ್ಕೆ ರಾಣೀವಾಸ ಮಂಜೂರು ಮಾಡಿದ.

ಮುರಿದ ಕಲ್ಲಿನ ಚೌಕಟ್ಟೊಂದರ ಮುಂದೆ ಗುರುದೇವಿ ಬೇಕೆಂದೇ ನಿಂತು, ಇದೇನಿತ್ತು ಎಂದು ರೇವಣಪ್ಪನನ್ನು ಕೇಳಿದಳು. ಹೆಣ್ಣಿನ ಕಡೆಯವರ ಮುಂದೆ ಗಂಡಾದವನು ಇಂಥ ಹೊತ್ತಿನಲ್ಲಿ ಕಡಿಮೆಯೆಂದರೂ ಒಂದು ಸಾಮ್ರಾಜ್ಯ ಕಟ್ಟಬೇಕು.

"ನಂಗ ಗೊತ್ತಿಲ್ರಿ," ಅಂದ ರೇವಣಪ್ಪ.

ಮಾವ ಕೆಮ್ಮಿದ. ಗೊತ್ತಿಲ್ಲ ಎನ್ನುವ ಗುಮಾಸ್ತ ಇಡೀ ಹೈದರಾಬಾದ್ ರಾಜ್ಯದಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ. ಗುರುದೇವಿಯ ಸಂಶಯ ಕರಗಲಿಲ್ಲ, ಹೆಚ್ಚಾಯಿತು. ಇದು ಇನ್ನೂ ಆಳದ ಮೋಸವಿರಬಹುದು.

ಬುರುಜಿನ ಮೆಟ್ಟಿಲೇರುವಾಗ ರೇವಣಪ್ಪ ಮೂರು ಕಡೆ ನಿಂತು ಸೃಷ್ಟಿಸೌಂದರ್ಯ ನೋಡಿದ. ಏದುಸಿರು ಕೆಳಗಿನವರೆಗೂ ಕೇಳಿಸಿತು. ಬಂದೇನವಾಜ್ ಅವನನ್ನು ನೋಡಿದ, ಇಪ್ಪತ್ತೊಂದರ ಗುರುದೇವಿಯನ್ನು ನೋಡಿದ, ತಡೆಯಲಾರದೆ ದನಿ ತಗ್ಗಿಸಿದ.

"ಬೇಟಿ, ನಾ ಕೇಳಬಾರದು. ಆ ಸಾಹೇಬರ ವಯಸ್ಸು ನೋಡೀರೇನು?"

"ವಯಸ್ಸಿಂದು ತಕರಾರಿಲ್ಲ ಚಾಚಾ. ಬಾಕಿ ಎಲ್ಲಾದ್ರದ್ದೂ ಅದ."

ಓದಿದ ಹುಡುಗಿಯರ ಗತಿಯೂ ಇಷ್ಟೇ ಎಂದು ಮುದುಕ ಮರುಗಿದ. ಇಳಿದು ಬರುವಾಗ ಎಮ್ಮೆಯನ್ನು ಸಹ ತೋರಿಸಲಿಲ್ಲ.

ಕಾಲು ನೋವೆಂದು ಭಾಗಮ್ಮ ಕೋಟೆಗೆ ಬಂದಿರಲಿಲ್ಲ. ಬೆಳಿಗ್ಗೆಯಿಂದ ಎರಡು ಸಲ ಸೀರೆ ಬದಲಿಸಿ, ಕೊನೆಗೆ ಹಳೆಯದನ್ನೇ ಉಟ್ಟು, ಡೇರೆಯ ಹಿಂದೆ ರೊಟ್ಟಿ ಬಡಿದಿದ್ದಳು. ತಲೆಯೆತ್ತದೆ ಬಡಿಸಿದಳು. ರೇವಣಪ್ಪನೂ ತಲೆಯೆತ್ತದೆ ಉಂಡ. ಮೂರನೆಯ ರೊಟ್ಟಿಗೆ ಮಾತ್ರ, ನೀವು ಉಂಡಿರೇನು ಎಂದು ಮೆಲ್ಲಗೆ ಕೇಳಿದ. ಭಾಗಮ್ಮನ ಕೈಯ ಸೌಟು ಜಾರಿತು. ಮಾವ ಹಿಗ್ಗಿದ. ಗುರುದೇವಿ ಹಿಗ್ಗಲಿಲ್ಲ. ಊಟದ ಹೊತ್ತಿಗೆ ಎಲ್ಲ ಗಂಡಸರೂ ಒಳ್ಳೆಯವರೇ.

ಸಂಜೆ ಹೊಳೆಯ ದಂಡೆಯಲ್ಲಿ ಅವನು ಒಬ್ಬನೇ ಸಿಕ್ಕ. ಅವಳು ಪೀಠಿಕೆ ಹಾಕಲಿಲ್ಲ.

"ತಲಿಗಿ ಏನು ಹಚ್ಚೀರಿ?"

"ಬಣ್ಣ ರೀ. ನಮ್ಮಕ್ಕ ಹಚ್ಚಿದಳು. ಬ್ಯಾಡ ಅಂದ್ರೂ ಕೇಳಲಿಲ್ಲ."

ಇಷ್ಟು ಹೇಳಿ ಅವನು ಬಗ್ಗಿ, ಕಾಗಿಣೆಯ ನೀರಲ್ಲಿ ತಲೆ ತಿಕ್ಕಿ ತೊಳೆದ. ಎದ್ದಾಗ ಹತ್ತು ವರ್ಷ ಹೊಳೆಯ ಪಾಲಾಗಿತ್ತು. ಬಿಳಿ ಕೂದಲಿನಿಂದ ನೀರು ಸುರಿಯುತ್ತಿತ್ತು, ಮುಖದ ಮೇಲೆ ದೊಡ್ಡ ಹೊರೆ ಇಳಿಸಿದ ಕಳೆ.

"ಲಗ್ನ ಆದಮ್ಯಾಲ ಹೆಣ್ಣು ಓದ್ತೀನಿ ಅಂದ್ರ?"

"ಓದಲಿ. ಅಡಗಿ ನಂಗ ಬರ್ತದ. ಚಲೋ ಬರ್ತದ ಅಂತ ಹೇಳಾಂಗಿಲ್ಲ."

"ಸಿಟ್ಟು ಬಂದ್ರ ಏನು ಮಾಡ್ತೀರಿ?"

ಅವನು ಅಂಗಿಯ ತುದಿಯಿಂದ ಮುಖ ಒರೆಸಿಕೊಂಡ. "ಹೊರಗ ಕಟ್ಟಿ ಮ್ಯಾಲ ಹೋಗಿ ಕೂಡ್ತೀನಿ. ಒಳಗ ಬರ್ರಿ ಅಂತ ಯಾರರ ಕರೀತಾರೇನೋ ಅಂತ ಕಾಯ್ತೀನಿ. ನಮ್ಮ ಮನಿಯಾಕಿ ತೀರಿಹೋಗಿ ಆರು ವರ್ಷ ಆಯ್ತು. ಈಗ ನಾನೇ ಎದ್ದು ಒಳಗ ಹೋಗ್ತೀನಿ."

ಗುರುದೇವಿ ಅಲ್ಲಿಂದಲೇ ತಿರುಗಿ ಡೇರೆಗಳತ್ತ ನಡೆದಳು. ಮಾವ ರೇವಣಪ್ಪನ ಅಕ್ಕನಿಗೆ ಇನ್ನೂ ರಾಣೀವಾಸವನ್ನೇ ವರ್ಣಿಸುತ್ತಿದ್ದ. ಸೋದರಸೊಸೆಯ ಮುಖ ನೋಡಿ ಬಾಯಿ ಮುಚ್ಚಿದ. ಮಳಖೇಡಕ್ಕೆ ಬಂದ ಮೇಲೆ ಅದೇ ಮೊದಲು.

"ಹೂಂ," ಅಂದಳು ಗುರುದೇವಿ.

ರೇವಣಪ್ಪನ ಅಕ್ಕ ಬಣ್ಣದ ವಿಷಯದಲ್ಲಿ ಮುಂದಾಲೋಚನೆ ಸಾಲದವಳಾದರೂ ಬಳೆಯ ವಿಷಯದಲ್ಲಿ ಹಾಗಿರಲಿಲ್ಲ. ಸಂದೂಕದ ತಳದಿಂದ ಹಸಿರು ಬಳೆಗಳ ಕಟ್ಟು ತೆಗೆದು, ಕಂಬಳಿ ಹಾಸಿ, ಕರಕೊಂಡು ಬರ್ರಿ ಎಂದಳು.

ಗುರುದೇವಿ ಡೇರೆಯೊಳಗೆ ಹೋಗಿ, ಹನ್ನೊಂದು ವರ್ಷದಿಂದ ಬರಿದಾಗಿದ್ದ ಅವ್ವನ ಕೈಗಳನ್ನು ಹಿಡಿದು ಎಬ್ಬಿಸಿ, ಮದುಮಗಳನ್ನು ಹೊರಗೆ ಕರೆತಂದಳು.