ಜೇಪೊಟಿ ಹೇಳಿದ ಮಂಜು

ಚಿಕ್ಕಮ್ಮ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಅವಳ ಹುಬ್ಬಿನ ಮೇಲೆ ಹಿಮ ಗಟ್ಟಿಯಾಗಿ ಕೂತಿತ್ತು. ಅವಳ ಊರಿನಿಂದ ವಿಮಾನದಲ್ಲಿ ಮುಕ್ಕಾಲು ಗಂಟೆಯ ದಾರಿ. ಎಪ್ಪತ್ತರ ಮುದುಕಿ ಹೆಪ್ಪುಗಟ್ಟಿದ ಕಡಲ ಮೇಲೆ ಹಿಮಬಂಡಿಯಲ್ಲಿ ಎರಡು ದಿನ ಬಂದಿದ್ದಳು.

“ವಾರವಾರಾನೂ ಮಂಜು, ವಿಮಾನ ಹಾರಲ್ಲ ಅಂತ ಫೋನಲ್ಲಿ ಹೇಳ್ತಿದ್ದೆಯಲ್ಲ. ದಾರಿಯುದ್ದಕ್ಕೂ ಹುಡುಕ್ದೆ, ನಿನ್ನ ಮಂಜು ಎಲ್ಲೂ ಸಿಗಲಿಲ್ಲ ಕಣೋ.”

ವಿಮಾನಕ್ಕೆ ಹವೆ ನೋಡಿ ಹೇಳುವ ಕೆಲಸ ಜೇಪೊಟಿಯದೇ. ತೀರಿಕೊಂಡ ಚಿಕ್ಕಪ್ಪನ ಹೆಸರನ್ನು ಮಗನಿಗಿಟ್ಟಿದ್ದ; ಹೆಸರು ಹೊತ್ತ ಮಗುವಾಗಿ ಸತ್ತವರೇ ಮರಳಿ ಬರುತ್ತಾರೆ ಎಂಬುದು ಅವರ ಜನರ ನಂಬಿಕೆ. ಮಗುವನ್ನು ಚಿಕ್ಕಮ್ಮನ ಊರಿಗೆ ಕರೆದುಕೊಂಡು ಹೋಗಿ ತೋರಿಸಲು ಸೋಮಾರಿತನ, ಅಷ್ಟೇ. ಅವನು ಕೆಳಗೆ ಕೂತು ಅವಳ ಬೂಟಿನ ದಾರಕ್ಕೆ ಕೈ ಹಾಕಿದ.

ಅವಳು ಮಗುವನ್ನು ಎತ್ತಿ ಎದೆಗೊತ್ತಿಕೊಂಡಳು. “ಬಂದೆ ಕಣ್ರೀ, ಯಜಮಾನ್ರೇ. ಇವನ ಮೇಲೆ ಸಿಟ್ಟಾಗ್ಬೇಡಿ. ಪಾಪ, ಮಂಜಿತ್ತಂತೆ.”

ದಾರ ಬಿಚ್ಚಿ ಆಗಿತ್ತು. ಜೇಪೊಟಿ ತಲೆ ಎತ್ತಲಿಲ್ಲ.