ಅಲುಗದ ಚುಕ್ಕೆ

2019ರ ನವೆಂಬರ್ 17, ಭಾನುವಾರ, ಬೆಳಗಿನ ಹತ್ತೂ ಇಪ್ಪತ್ತಕ್ಕೆ ಮಂದಾಕಿನಿ ಹೊಸ ಡ್ರೈವರ್ ಸರ್ಕ್ಯೂಟಿನ ಕೊನೆಯ ಬೆಸುಗೆ ಮುಗಿಸಿದಳು. ಹಳೆಯದು ಬೇಸಿಗೆಯಲ್ಲಿ ಕೆಟ್ಟು, ಅವಳು ಮನೆಯಲ್ಲೇ ಮಾಡಿದ ಲೇಸರಿಗೆ ಒಮ್ಮೆಲೇ ವಿಪರೀತ ಕರೆಂಟ್ ಹರಿಸಿತ್ತು. ಆಗ ಎದುರಿಗೆ ಕನ್ನಡಿ ಹಿಡಿದು ನಿಂತಿದ್ದ ಅಪ್ಪನ ಎರಡೂ ಕಣ್ಣಿಗೆ ಪೆಟ್ಟಾಯಿತು. ಬಲಗಣ್ಣು ಹೋಯಿತು. ಎಡಗಣ್ಣು ಪೂರ್ತಿ ಸರಿಹೋಯಿತೆಂದು ಅಪ್ಪ ತಾವೇ ಹೇಳಿ, ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸಿದ್ದರು.

ಅಂದಿನಿಂದ ಅವಳು ಲೇಸರನ್ನು ಮುಟ್ಟಿರಲಿಲ್ಲ. ಇವತ್ತು ಹಟ ಹಿಡಿದು ಕೂರಿಸಿದ್ದೂ ಅಪ್ಪನೇ.

ಲೇಸರಿನ ಜೊತೆಗೆ ಮೀಟರನ್ನೂ ಜೋಡಿಸಿದಳು. ಕರೆಂಟ್ ಐವತ್ತು ಮಿಲಿಆಂಪಿಯರ್ ದಾಟಿದರೆ ಮಾತ್ರ ಲೇಸರ್ ಬೆಳಗುತ್ತದೆ.

“ಭಯ ಆಗುತ್ತಪ್ಪಾ.”

“ನಿನ್ನ ಫಿಸಿಕ್ಸ್‌ಗೆ ಒಂದು ಕಣ್ಣು ಕೊಟ್ಟಿದೀನಿ, ದಂಡ ಮಾಡ್ಬೇಡ. ಇನ್ನೊಂದು ಗಟ್ಟಿಯಾಗಿದೆ, ನಾನು ನೋಡ್ತೀನಿ. ಹಾಕೇ ಸ್ವಿಚ್ಚು!”

ಲೇಸರನ್ನು ಗೋಡೆಯ ಕಡೆ ತಿರುಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿ ಅವಳು ಸ್ವಿಚ್ ಒತ್ತಿದಳು.

“ಚುಕ್ಕೆ ಬಿತ್ತಾ ಅಪ್ಪಾ? ನಡುಗ್ತಿದೆಯಾ?”

ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದರು.

“ಬಿತ್ತು ಕಣೇ! ಗೋಡೆಗೆ ಕುಂಕುಮ ಇಟ್ಟ ಹಾಗಿದೆ. ಒಂದಿಷ್ಟೂ ಅಲುಗ್ತಿಲ್ಲ. ಎಷ್ಟು ಚೆನ್ನಾಗಿ ಮಾಡಿದೀಯ, ಮಗಳೇ!”

“ನಿಜವಾಗ್ಲೂ?”

“ನನ್ನ ಕಣ್ಣಾಣೆ.”

ಎಷ್ಟೋ ತಿಂಗಳ ಮೇಲೆ ಅವಳ ಎದೆ ಹಗುರಾಯಿತು. ನಗುತ್ತ ಕಣ್ಣು ತೆರೆದು, ಮೊದಲು ಮೀಟರ್ ನೋಡಿದಳು.

0.0 ಮಿಲಿಆಂಪಿಯರ್.