ನಡುಗೋಡೆ

"ಗೋಡಿ ಬಡದು ನೋಡ್ರಿ ಅಮ್ಮಾ, ಹೆಂಗ ಗಟ್ಟಿ ಅದ! ಎಂಥಾ ಹೊಳಿ ಬಂದ್ರೂ ಇನ್ನ ನಿಮಗ ಭಯ ಇಲ್ಲ," ಎಂದಳು ಶಿವರಂಜನಿ. ಕಕ್ಕೇರಾ ಕಡೆಯ ಆ ಹಳ್ಳಿಯನ್ನು ಕೃಷ್ಣೆಯ ದಂಡೆಯಿಂದ ಎತ್ತರದ ನೆಲಕ್ಕೆ ತಂದ ನಕ್ಷೆ ಅವಳದೇ. ಹೆಮ್ಮೆ ಇರುವುದು ಸಹಜ.

ಮೋನಮ್ಮ ಬಡಿಯಲಿಲ್ಲ. ಗೋಡೆಯತ್ತ ಎತ್ತಿದ ಕೈಯನ್ನು ಮುದುಕಿ ಹಿಂದಕ್ಕೆಳೆದುಕೊಂಡಳು.

"ಕೆಳಗಿನ ಓಣಿಯವರಿಗೂ ಇಂಥಾವೇ ಮನಿ ಕಟ್ಟಸಾಕತ್ತೀವಿ. ಏನರ ಬದಲ್ ಮಾಡೋದಿದ್ರ ಈಗಲೇ ಹೇಳ್ರಿ."

"ಎರಡು ಮನಿಗಿ ಒಂದೇ ನಡುಗೋಡಿ ಇಡ್ರಿ ತಾಯಿ. ಹಳಿ ಊರಾಗ ಇದ್ದಂಗ."

ಶಿವರಂಜನಿ ನಕ್ಕಳು. "ಮನಿ ಮನಿ ನಡುವ ಗಾಳಿ ಆಡಬೇಕ್ರಿ ಅಮ್ಮಾ. ಕಾಯ್ದೆನೇ ಹಂಗದ."

ಹಳೆಯ ಊರಿನಲ್ಲಿ ಕತ್ತಲಲ್ಲಿ ಹೊಳೆ ಏರಿದರೆ, ಮೊದಲು ಎಚ್ಚರವಾದವರು ತಂಬಿಗೆಯಿಂದ ನಡುಗೋಡೆ ಬಡಿಯುತ್ತಿದ್ದರು. ಅದು ಕೇಳಿಸಿದ ಪಕ್ಕದ ಮನೆಯವರು ತಮ್ಮ ಆಚೆಯ ಗೋಡೆ ಬಡಿಯುವರು. ನೀರು ಹೊಸ್ತಿಲು ಮುಟ್ಟುವ ಮೊದಲೇ ಓಣಿಗೆ ಓಣಿಯೇ ಕೋಳಿ ಮರಿ ಸಮೇತ ದಿಬ್ಬದ ಮೇಲಿರುತ್ತಿತ್ತು. ಮೋನಮ್ಮನಿಗೂ ಪಕ್ಕದ ಮನೆಯ ಭಾಗಮ್ಮನಿಗೂ ಆ ಓಣಿಗೆ ಸೊಸೆಯಾಗಿ ಬಂದಾಗಿನಿಂದ ಒಂದೇ ನಡುಗೋಡೆ. ಹೆರಿಗೆ ನೋವು, ಜ್ವರ, ಗಂಡನ ಜಗಳ, ಎಲ್ಲಕ್ಕೂ ಆ ಗೋಡೆಯೇ. ಇಬ್ಬರೂ ಒಂಟಿಯಾದ ಮೇಲಂತೂ ಬೆಳಗ್ಗೆ ಒಬ್ಬಳು ಬಡಿದು, ಇನ್ನೊಬ್ಬಳು ತಿರುಗಿ ಬಡಿದ ಮೇಲೆಯೇ ಒಲೆ ಹತ್ತುತ್ತಿತ್ತು. ಹೊಸ ಊರಿನಲ್ಲಿ ಚೀಟಿ ಎತ್ತಿ ಮನೆ ಹಂಚಿದರು. ಯಾರಿಗೂ ಅನ್ಯಾಯವಾಗಬಾರದಲ್ಲ! ಭಾಗಮ್ಮನ ಚೀಟಿ ಊರಿನ ಆ ತುದಿಗೆ ಬಿತ್ತು.

"ಬರ್ರಿ," ಎಂದು ಮೋನಮ್ಮ ಎದ್ದಳು. ಭಾಗಮ್ಮನ ಮನೆಯ ಬೀಗದ ಕೈ ಅವಳ ಸೆರಗಿನಲ್ಲೇ ಇತ್ತು.

ಒಳಗೆ ಖಾಲಿ ಮಂಚ. ಅದರ ಪಕ್ಕದ ಹಸಿರು ಗೋಡೆಯಲ್ಲಿ ಬಣ್ಣ ಉದುರಿ, ಅರ್ಧಚಂದ್ರದಂಥ ಗುರುತುಗಳು ಒಂದರ ಮೇಲೊಂದು ಮೂಡಿದ್ದವು.

"ಇದೇನ್ರಿ?"

"ಹೋದ ತಿಂಗಳು ರಾತ್ರಿ ನಮ್ಮ ಭಾಗಮ್ಮಗ ಎದಿ ನೋವು ಬಂದದ. ಬಡದಾಳ, ಬಡದಾಳ. ಬೆಳಗ್ಗೆ ಒಳಗಿನ ಚಿಲಕಾ ಮುರದು ಬಂದಾಗ ತಂಬಗಿ ಕೈಯಾಗೇ ಇತ್ತು."

ಶಿವರಂಜನಿ ಕಿಟಕಿಯಿಂದ ಹೊರಗೆ ಇಣುಕಿದಳು. ಗೋಡೆಯ ಆಚೆ ಯಾರೂ ಇರಲಿಲ್ಲ. ಗಾಳಿ ಆಡಲೆಂದು ಅವಳೇ ಬಿಡಿಸಿದ ಸಂದಿ ಇತ್ತು. ಅದರಲ್ಲಿ ಗಾಳಿ ಚೆನ್ನಾಗಿಯೇ ಆಡುತ್ತಿತ್ತು.

ಮೋನಮ್ಮ ಆ ಗುರುತುಗಳ ಮೇಲೆ ಮೆಲ್ಲಗೆ ಅಂಗೈ ಸವರಿದಳು.

"ನೀವಂದದ್ದು ಖರೇ ಅದ ತಾಯಿ. ಗೋಡಿ ಭಾಳ ಗಟ್ಟಿ. ಇಷ್ಟು ಬಡದ್ರೂ ಒಂದು ಬಿರುಕು ಬಿಟ್ಟಿಲ್ಲ."